ಹದಿನೇಳನೆಯ ಟೆಸ್ಟು

ಬಸ್ ಡಿಪೋದಲ್ಲಿ ಒಂಬತ್ತು ವರ್ಷ ಡ್ರೈವರುಗಳ ಡ್ಯೂಟಿ ಪಟ್ಟಿ ಬರೆದವಳು ಅವಳು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಯಾರು ಓಡಿಸಬೇಕು, ಯಾರಿಗೆ ರಜೆ, ಯಾರು ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೆಯಲ್ಲಿ ಮಲಗಿದ್ದಾರೆ, ಎಲ್ಲವೂ ಅವಳ ತಲೆಯಲ್ಲೇ ಇರುತ್ತಿತ್ತು. ಡ್ರೈವರುಗಳು ಹೆಸರು ಹಿಡಿದು ಕರೆದದ್ದೇ ಇಲ್ಲ. ಎಲ್ಲರ ಬಾಯಲ್ಲೂ ಡ್ಯೂಟಿಯಮ್ಮ. ಮೂವತ್ತನಾಲ್ಕು ತುಂಬಿದ ವರ್ಷ ಡ್ಯೂಟಿಯಮ್ಮ ಪೆನ್ಸಿಲ್ಲು, ಸ್ಕೇಲು ಎರಡನ್ನೂ ಮೇಜಿನ ಮೇಲಿಟ್ಟು, ರಾಜೀನಾಮೆ ಬರೆದುಕೊಟ್ಟು, ವಿಶ್ವವಿದ್ಯಾಲಯ ಸೇರಿದಳು. ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ, ಎರಡೂ ಸೇರಿದ ಒಂದೇ ಪದವಿ.

"ಎರಡರಲ್ಲಿ ಒಂದು ಸಾಲ್ದಾ?" ಎಂದು ಅಣ್ಣ ಕೇಳಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. "ನನ್ನ ಲಿಫ್ಟು ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ಪಕ್ಕಕ್ಕೂ ಹೋಗ್ಲಿ ಅಂತ ಯಾರಾದ್ರೂ ಕೇಳಿದ್ರೆ ಆಗಲ್ಲ ಅಂತ ಕೈ ಮುಗೀತೀನಿ."

ಅವಳಿಗೆ ಎರಡೂ ಬೇಕಿತ್ತು. ಡ್ಯೂಟಿ ಪಟ್ಟಿ ಬರೆಯುವಾಗ ಇದಕ್ಕಿಂತ ಕಡಿಮೆ ಜನರಲ್ಲಿ ಕೆಲಸ ಮುಗಿಸಲು ಆಗುತ್ತಿತ್ತೇನೋ ಎಂಬ ಅನುಮಾನ ಒಂಬತ್ತು ವರ್ಷವೂ ಅವಳನ್ನು ಕೊರೆದಿತ್ತು. ಆಗುವುದಿಲ್ಲ ಎಂದು ಖಚಿತವಾಗಿ ಹೇಳುವುದಕ್ಕೆ ಗಣಿತ ಬೇಕು, ಆಗುವುದಾದರೆ ಮಾಡಿ ತೋರಿಸುವುದಕ್ಕೆ ಕಂಪ್ಯೂಟರ್ ಬೇಕು. ಲೆಕ್ಕಾಚಾರ ಅಷ್ಟು ಸರಳವಾಗಿತ್ತು.

ವಿಶ್ವವಿದ್ಯಾಲಯ ಮಾತ್ರ ಅಷ್ಟು ಸರಳವಾಗಿರಲಿಲ್ಲ. ಗಣಿತದ ಕಟ್ಟಡ ಒಂದು ತುದಿಯಲ್ಲಿ, ಕಂಪ್ಯೂಟರ್ ಕಟ್ಟಡ ಇನ್ನೊಂದು ತುದಿಯಲ್ಲಿ. ನಡುವೆ ಹನ್ನೆರಡು ನಿಮಿಷದ ದಾರಿ. ಒಂದು ಕ್ಲಾಸು ಮುಗಿದು ಇನ್ನೊಂದು ಶುರುವಾಗಲು ಬಿಡುವು ಹತ್ತು ನಿಮಿಷ. ಗಣಿತದಲ್ಲಿ ಹಿಂದಿನ ಬೆಂಚು ಮಾತ್ರ ಖಾಲಿ ಇರುತ್ತಿತ್ತು, ಕಂಪ್ಯೂಟರ್ ಕ್ಲಾಸಿನಲ್ಲಿ ಮುಂದಿನ ಬೆಂಚು ಮಾತ್ರ. ಅವಳ ರಿಜಿಸ್ಟರ್ ನಂಬರು ಗಣಿತದ ಅಕ್ಷರದಿಂದ ಶುರುವಾಗುತ್ತಿದ್ದುದರಿಂದ ಕಂಪ್ಯೂಟರ್ ಲ್ಯಾಬಿನ ಗಾಜಿನ ಬಾಗಿಲು ಅವಳ ಕಾರ್ಡಿಗೆ ತೆರೆಯುತ್ತಿರಲಿಲ್ಲ. ಒಳಗಿದ್ದವರು ಯಾರಾದರೂ ನೋಡಿ ಎದ್ದು ಬರುವವರೆಗೆ ಬ್ಯಾಗು ತಬ್ಬಿಕೊಂಡು ಹೊರಗೆ ನಿಲ್ಲಬೇಕು. ಒಂದೂವರೆ ವರ್ಷದಲ್ಲಿ ಇದರ ಬಗ್ಗೆ ಆರು ಅರ್ಜಿ ಕೊಟ್ಟಿದ್ದಳು. ಗಣಿತದವರು, "ಬಾಗಿಲು ಅವರದಲ್ವಾ, ಅವರನ್ನೇ ಕೇಳಿ," ಎಂದರು. ಕಂಪ್ಯೂಟರಿನವರು, "ಕಾರ್ಡು ಅವರದಲ್ವಾ," ಎಂದರು.

ಎರಡನೆಯ ವರ್ಷದ ನಡುವಿನಲ್ಲಿ ಆ ಹೋಂವರ್ಕು ಬಂತು. ಕೊಟ್ಟವರು ಆಟೋ ಸರ್. ಅದು ಆಟೋಮ್ಯಾಟಿಕ್ ಎಂಬರ್ಥದಲ್ಲಿ ವಿದ್ಯಾರ್ಥಿಗಳು ಇಟ್ಟ ಹೆಸರು. ಹೋಂವರ್ಕ್ ತಿದ್ದುವುದು, ಅಂಕ ಹಾಕುವುದು, ಮೇಲ್‌ಗೆ ಉತ್ತರ ಬರೆಯುವುದು ಎಲ್ಲವನ್ನೂ ಅವರು ಯಂತ್ರಕ್ಕೇ ವಹಿಸಿದ್ದರು. ಇನ್ನೂರು ವಿದ್ಯಾರ್ಥಿಗಳಿಗೆ ಒಬ್ಬರೇ ಲೆಕ್ಚರರು, ಅವರದ್ದೂ ತಪ್ಪೆನ್ನಲಾಗದು.

ಪ್ರಶ್ನೆ ನೋಡಿ ಅವಳಿಗೆ ನಗು ಬಂದಿತ್ತು. ಬಸ್ ಡ್ಯೂಟಿಗಳ ಒಂದು ಪಟ್ಟಿ ಕೊಡುತ್ತೇವೆ, ಪ್ರತಿಯೊಂದಕ್ಕೂ ಶುರುವಾಗುವ ಸಮಯ ಮತ್ತು ಮುಗಿಯುವ ಸಮಯ ಇರುತ್ತದೆ. ದಿನವೂ ಅದೇ ಪಟ್ಟಿ. ಒಂದು ಡ್ಯೂಟಿಯನ್ನು ದಿನವೂ ಅದೇ ಡ್ರೈವರ್ ಮಾಡಬೇಕು. ಮಧ್ಯರಾತ್ರಿ ದಾಟುವ ಡ್ಯೂಟಿಯೂ ಇರಬಹುದು. ಒಟ್ಟು ಎಷ್ಟು ಡ್ರೈವರುಗಳಿದ್ದರೆ ಸಾಕು? ಅದನ್ನು ಹೇಳುವ ಪ್ರೋಗ್ರಾಂ ಬರೆಯಿರಿ.

ನನಗೇ ಅಂತ ಮಾಡಿಸಿದ ಹಾಗಿದೆಯಲ್ಲ, ಎಂದುಕೊಂಡಳು. ಡಿಪೋದಲ್ಲಿ ಮಾಡುತ್ತಿದ್ದ ಕ್ರಮವನ್ನೇ ಪ್ರೋಗ್ರಾಂ ಮಾಡಿದಳು: ದಿನದ ಮೊದಲಿಂದ ಶುರುಮಾಡಿ, ಒಂದೊಂದೇ ಡ್ಯೂಟಿ ತೆಗೆದುಕೊಂಡು, ಬಿಡುವಾಗಿರುವ ಮೊದಲ ಡ್ರೈವರಿಗೆ ಕೊಡುತ್ತ ಹೋಗುವುದು, ಯಾರೂ ಬಿಡುವಿಲ್ಲದಿದ್ದರೆ ಹೊಸಬನನ್ನು ಕರೆಯುವುದು. ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಒಂದರ ಕೆಳಗೊಂದು ಇಪ್ಪತ್ತು ಸಾಲು ಮೂಡಿದವು. ಹತ್ತೊಂಬತ್ತು ಹಸಿರು, ಒಂದು ಕೆಂಪು.

*ಟೆಸ್ಟ್ ೧೭: ತಪ್ಪು ಉತ್ತರ.*

ಏನು ತಪ್ಪು, ಯಾವ ಪಟ್ಟಿಗೆ ತಪ್ಪು, ಸರಿಯುತ್ತರವೇನು ಎಂದು ಯಂತ್ರ ಹೇಳುವುದಿಲ್ಲ. ಹೇಳಿದರೆ ವಿದ್ಯಾರ್ಥಿಗಳು ಕದ್ದು ಬರೆಯುತ್ತಾರೆಂದು ಟೆಸ್ಟುಗಳನ್ನು ಗುಟ್ಟಾಗಿಟ್ಟಿದ್ದರು. ಇಪ್ಪತ್ತೂ ಹಸಿರಾದರೆ ಪೂರ್ತಿ ಅಂಕ, ಒಂದೇ ಒಂದು ತಪ್ಪಿದರೂ ಸೊನ್ನೆ.

ಮೂರು ವಾರ ಆ ಕೆಂಪು ಸಾಲಿನ ಹಿಂದೆ ಬಿದ್ದಳು. ಒಟ್ಟು ನಾಲ್ಕು ಸಲ ಪ್ರೋಗ್ರಾಮನ್ನು ಮೊದಲಿನಿಂದ ಬರೆದಳು. ಪಟ್ಟಿ ಖಾಲಿ ಇದ್ದರೆ? ಎರಡು ಡ್ಯೂಟಿ ಒಂದೇ ನಿಮಿಷಕ್ಕೆ ಶುರುವಾದರೆ? ಒಂದು ಮುಗಿದ ಗಳಿಗೆಗೇ ಇನ್ನೊಂದು ಶುರುವಾದರೆ? ಊಹಿಸಬಹುದಾದ್ದನ್ನೆಲ್ಲ ಊಹಿಸಿದಳು. ಪ್ರತಿ ಸಲವೂ ಹತ್ತೊಂಬತ್ತು ಹಸಿರು, ಒಂದು ಕೆಂಪು, ಅದೂ ಅದೇ ಹದಿನೇಳು. ಆಟೋ ಸರ್‌ಗೆ ಮೇಲ್ ಬರೆದಳು; ಒಂದು ಸೆಕೆಂಡಿನೊಳಗೆ ಉತ್ತರ ಬಂತು: 'ನಿಮ್ಮ ಸಂದೇಶಕ್ಕೆ ಧನ್ಯವಾದ. ಸಂದೇಹಗಳಿದ್ದಲ್ಲಿ ಫಾರ್ಮ್ ತುಂಬಿ.' ಫಾರ್ಮಿನಲ್ಲಿ ರಿಜಿಸ್ಟರ್ ನಂಬರು ಹಾಕಿದರೆ, 'ನೀವು ಈ ವಿಭಾಗದ ವಿದ್ಯಾರ್ಥಿಯಲ್ಲ' ಎಂದು ಬಂತು. ಬಾಯಿಗೆ ಬಂದ ಬೈಗುಳವನ್ನು ಪಕ್ಕದಲ್ಲಿ ಹುಡುಗಿಯರು ಕೂತಿದ್ದಾರೆಂದು ನುಂಗಿಕೊಂಡಳು.

ನಾಲ್ಕನೆಯ ವಾರ ಆಡಳಿತ ಕಚೇರಿಯಿಂದ ಕಾಗದ ಬಂತು. ಜೋಡಿ ಪದವಿಯವರು ಎರಡೂ ವಿಷಯದಲ್ಲಿ ನೂರಕ್ಕೆ ಐವತ್ತಾದರೂ ತೆಗೆಯಲೇಬೇಕು. ನಿಮಗೆ ಕಂಪ್ಯೂಟರಿನಲ್ಲಿ ನಲವತ್ತಾರು ಬಂದಿದೆ. ಎರಡು ವಾರದೊಳಗೆ ಯಾವುದಾದರೂ ಒಂದು ವಿಷಯ ಆರಿಸಿಕೊಂಡು ತಿಳಿಸಿ.

ಕಾಗದ ಹಿಡಿದುಕೊಂಡು ಕಚೇರಿಗೆ ಹೋದಳು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ತಲೆ ಎತ್ತದೆ, "ಫೈಲ್ ನಮ್ಮಲ್ಲಿಲ್ಲಮ್ಮ," ಎಂದರು.

"ಕಾಗದ ನಿಮ್ಮಲ್ಲಿಂದಲೇ ಬಂದಿದೆ ಸರ್. ಇಲ್ನೋಡಿ, ಸೀಲು."

"ಸೀಲು ನಮ್ಮದೇ. ಫೈಲು ಗಣಿತದಲ್ಲಿರುತ್ತೆ."

"ನಾನು ಗಣಿತದಲ್ಲಿ ಫೇಲಾಗಿಲ್ವಲ್ಲ?"

"ಹಾಗಾದ್ರೆ ಕಂಪ್ಯೂಟರ್‌ನೋರನ್ನ ಕೇಳಿ." ಇಷ್ಟು ಹೇಳಿ ಅವರು ಅವಳ ಹಿಂದೆ ನಿಂತಿದ್ದವರ ಕಡೆ ನೋಡಿದರು.

ಆ ಸಂಜೆ ಮನೆಯಲ್ಲಿ ಅಣ್ಣ ಬೂಟು ಬಿಚ್ಚುತ್ತ, "ಏನಮ್ಮ, ಹದಿನೇಳನೇ ಮಹಡಿಗೆ ಲಿಫ್ಟ್ ಹೋಯ್ತಾ?" ಎಂದ. ದಿನಾ ಕೇಳುತ್ತಿದ್ದ ತಮಾಷೆ. ಅವತ್ತು ಅವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಸುಮ್ನಿರೋ! ನಿನಗೇನು ಗೊತ್ತು? ನಿನ್ನ ಲಿಫ್ಟ್ ಕೆಟ್ರೆ ಮುಚ್ಚಳ ತೆಗೆದು ಒಳಗೆ ನೋಡ್ತೀಯ. ನನಗೆ ಮುಚ್ಚಳ ತೆಗೆಯೋಕೂ ಬಿಡಲ್ಲ. ತಪ್ಪು ಅಂತಾರೆ, ಏನು ತಪ್ಪು ಅಂತ ಹೇಳಲ್ಲ. ಒಂಬತ್ತು ವರ್ಷ ಮಾಡಿದ ಕೆಲಸ ಕಣೋ ಅದು! ಅದೇ ಬರಲ್ಲ ಅಂದ್ರೆ ಇನ್ನೇನು ಬರುತ್ತೆ ನನಗೆ?"

ಅಣ್ಣ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತ. ಅತ್ತಿಗೆ ಲಾಂಡ್ರಿ ಅಂಗಡಿಯಿಂದ ಆಗಷ್ಟೇ ಬಂದು ಕಾಲು ಚಾಚಿದ್ದವಳು, ಅವಳ ಮುಂದೆ ತಟ್ಟೆ ಇಟ್ಟು, "ಮೊದಲು ಉಣ್ಣು. ಆಮೇಲೆ ಬೈ, ನಾನೂ ಜೊತೆಗೆ ಸೇರ್ಕೋತೀನಿ," ಎಂದಳು. ಊಟದ ನಡುವೆ ಅತ್ತಿಗೆಯೇ ಕೇಳಿದಳು: "ಬೇರೆಯೋರಿಗೆಲ್ಲ ಅದು ಹಸಿರು ಬಂತಾ?"

"ಬಂತು. ಸುಮಾರು ಎಲ್ಲರಿಗೂ."

"ಹಾಗಾದ್ರೆ ಬಂದಿರೋರ ಪಕ್ಕ ಕೂತು ನೋಡು. ನೀನು ಒಬ್ಬಳೇ ಗುದ್ದಾಡಿದ್ರೆ ಎಷ್ಟು ದಿನ ಗುದ್ದಾಡ್ತೀಯ?"

ಪಕ್ಕ ಕೂರುವುದಕ್ಕೆ ಒಬ್ಬಳಿದ್ದಳು. ಹತ್ತೊಂಬತ್ತರ ಹುಡುಗಿ, ಮೊದಲನೆಯ ವರ್ಷ ಪ್ರೋಗ್ರಾಮಿನಲ್ಲಿ ಒಂದು ಸೆಮಿಕೋಲನ್ ಚಿಹ್ನೆ ಬಿಟ್ಟು ಎರಡು ಗಂಟೆ ಅತ್ತಿದ್ದಕ್ಕೆ ಕ್ಲಾಸೆಲ್ಲ ಅವಳನ್ನು ಸೆಮಿಕೋಲನ್ ಎಂದೇ ಕರೆಯುತ್ತಿತ್ತು. ಲ್ಯಾಬಿನ ಬಾಗಿಲು ತೆರೆದುಕೊಡುತ್ತಿದ್ದವಳೂ ಹೆಚ್ಚಾಗಿ ಅವಳೇ. ಅವಳಿಗೆ ಇಪ್ಪತ್ತಕ್ಕೆ ಇಪ್ಪತ್ತೂ ಹಸಿರಾಗಿತ್ತು.

"ನಂದೇನು ದೊಡ್ಡದಲ್ಲ ಅಕ್ಕ," ಎಂದಳು ಸೆಮಿಕೋಲನ್. "ಸರ್ ಕ್ಲಾಸಲ್ಲಿ ಹೇಳಿದ್ರಲ್ಲ, ಒಂದೇ ಹೊತ್ತಲ್ಲಿ ಅತಿ ಹೆಚ್ಚು ಅಂದ್ರೆ ಎಷ್ಟು ಡ್ಯೂಟಿ ನಡೀತಿರುತ್ತೋ ಅಷ್ಟೇ ಡ್ರೈವರ್ ಸಾಕು ಅಂತ. ಪ್ರತಿ ನಿಮಿಷಕ್ಕೂ ಎಣಿಸಿದೆ, ದೊಡ್ಡ ಸಂಖ್ಯೆ ತೆಗೆದುಕೊಂಡೆ. ಎಂಟೇ ಸಾಲು."

ಡ್ಯೂಟಿಯಮ್ಮನದು ತೊಂಬತ್ತು ಸಾಲಾಗಿತ್ತು.

ಇಬ್ಬರೂ ಒಂದು ಸಣ್ಣ ಪ್ರೋಗ್ರಾಂ ಬರೆದರು. ಅದು ಮನಸ್ಸಿಗೆ ಬಂದ ಹಾಗೆ ಡ್ಯೂಟಿ ಪಟ್ಟಿಗಳನ್ನು ಹುಟ್ಟಿಸುತ್ತ, ಒಂದೊಂದನ್ನೂ ಇಬ್ಬರ ಪ್ರೋಗ್ರಾಮಿಗೂ ಕೊಟ್ಟು, ಉತ್ತರ ಬೇರೆ ಬಂದ ಕೂಡಲೇ ನಿಲ್ಲಬೇಕು. ಮೊದಲ ಸಾವಿರ ಪಟ್ಟಿಗಳಿಗೆ ಇಬ್ಬರದೂ ಒಂದೇ ಉತ್ತರ. ಆಗ ಸೆಮಿಕೋಲನ್, "ಮಧ್ಯರಾತ್ರಿ ದಾಟೋ ಡ್ಯೂಟಿನೂ ಹಾಕೋಣ ಅಕ್ಕ. ಇರಬಹುದು ಅಂತ ಪ್ರಶ್ನೆಯಲ್ಲೇ ಇದೆ," ಎಂದಳು. ಹಾಕಿದ ತಕ್ಷಣ ಪರದೆ ನಿಂತುಬಿಟ್ಟಿತು.

ಮೂರೇ ಡ್ಯೂಟಿ. ಬೆಳಗ್ಗೆ ಐದರಿಂದ ಮಧ್ಯಾಹ್ನ ಎರಡು. ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತು. ರಾತ್ರಿ ಒಂಬತ್ತರಿಂದ ಮರುದಿನ ಬೆಳಗ್ಗೆ ಆರು. ಸೆಮಿಕೋಲನ್‌ಳ ಪ್ರೋಗ್ರಾಂ ಎರಡು ಎಂದಿತು. ಡ್ಯೂಟಿಯಮ್ಮನದು ಮೂರು.

"ನೋಡಿ ಅಕ್ಕ, ಒಂದೇ ಹೊತ್ತಲ್ಲಿ ಎರಡಕ್ಕಿಂತ ಹೆಚ್ಚು ಯಾವಾಗ್ಲೂ ಇಲ್ಲ. ಎರಡೇ ಸಾಕು. ನಿಮ್ಮದು ಒಬ್ಬನನ್ನ ಸುಮ್ನೆ ಜಾಸ್ತಿ ಕರೀತಿದೆ."

"ಸರಿ. ಇಬ್ಬರೇ ಡ್ರೈವರು ಅಂದ್ಕೋ. ಯಾರಿಗೆ ಯಾವುದು ಕೊಡ್ತೀಯ, ಕೊಡು."

"ಬೆಳಗಿನದು ಮೊದಲನೆಯೋನಿಗೆ. ಮಧ್ಯಾಹ್ನದ್ದು ಎರಡನೆಯೋನಿಗೆ, ಯಾಕಂದ್ರೆ ಒಂದರಿಂದ ಎರಡು ಗಂಟೆ ಡಿಕ್ಕಿ ಹೊಡಿಯುತ್ತೆ. ರಾತ್ರಿದು..." ಹುಡುಗಿ ನಿಂತಳು. "ಎರಡನೆಯೋನಿಗೆ ಕೊಡೋಕಾಗಲ್ಲ, ಹತ್ತರವರೆಗೂ ಅವನು ಬಸ್ಸಲ್ಲೇ ಇರ್ತಾನೆ. ಮೊದಲನೆಯೋನಿಗೆ ಕೊಟ್ರೆ ಬೆಳಗ್ಗೆ ಐದಕ್ಕೆ ಅವನು ಇನ್ನೊಂದು ಬಸ್ ಹತ್ತಬೇಕು, ಆದ್ರೆ ಇದು ಆರಕ್ಕೆ ಮುಗಿಯೋದು."

"ಕೊಡು, ಕೊಡು."

"ಕೊಡೋಕಾಗಲ್ಲ ಅಕ್ಕ."

"ಹಾಗಾದ್ರೆ?"

"ಮೂರು ಬೇಕು." ಸೆಮಿಕೋಲನ್ ಕುರ್ಚಿ ಹಿಂದಕ್ಕೆ ತಳ್ಳಿದಳು. "ಅಯ್ಯೋ, ಹಾಗಾದ್ರೆ ತಪ್ಪಿರೋದು ನಂದು! ತಪ್ಪು ಉತ್ತರಕ್ಕೆ ಹಸಿರು ಬಂದಿದೆ ಅಂದ್ರೆ..."

"ಸರ್ ಉತ್ತರವೇ ತಪ್ಪು," ಎಂದಳು ಅವಳು. ಮೂರು ವಾರದಲ್ಲಿ ಮೊದಲ ಬಾರಿಗೆ ಉಸಿರು ಸಲೀಸಾಗಿ ಹೊರಬಂತು. ಅದರ ಬೆನ್ನಿಗೇ ಎಲ್ಲಿಲ್ಲದ ಸಿಟ್ಟೂ ಬಂತು.

ಆಟೋ ಸರ್ ವಿದ್ಯಾರ್ಥಿಗಳನ್ನು ನೋಡುವುದು ವಾರಕ್ಕೊಂದು ಗಂಟೆ. ಅವಳು ಮೊದಲೇ ಹೋಗಿ ಕಾರಿಡಾರಿನಲ್ಲಿ ನಿಂತರೂ ಮುಂದೆ ಹದಿನಾಲ್ಕು ಜನರಿದ್ದರು. ಅವಳ ಸರದಿ ಬಂದಾಗ ಗಂಟೆಯಲ್ಲಿ ಉಳಿದಿದ್ದು ನಾಲ್ಕು ನಿಮಿಷ. ಸರ್ ಕಣ್ಣು ಕೆಂಪಾಗಿತ್ತು. ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು. ಅವಳು ಕಾಗದದ ಮೇಲೆ ಮೂರು ಡ್ಯೂಟಿ ಬರೆದು ಮುಂದಿಟ್ಟಳು.

"ಇನ್ನೂರು ಜನರಲ್ಲಿ ನೂರ ಎಂಬತ್ತೆಂಟು ಜನಕ್ಕೆ ಸರಿ ಬಂದಿದೆಯಮ್ಮ," ಎಂದರು ಅವರು.

"ನೂರ ಎಂಬತ್ತೆಂಟು ಜನವೂ ನಿಮ್ಮ ಒಂದೇ ಸ್ಲೈಡ್ ನೋಡಿ ಬರೆದಿದ್ದಾರೆ ಸರ್."

ಸರ್ ಮುಖ ಬಿಗಿಯಿತು. ಕಾಗದ ನೋಡಿದರು. "ಇದರಲ್ಲೇನಿದೆ? ಇಬ್ಬರೇ ಸಾಕು. ಒಬ್ಬ ಇವತ್ತು ಬೆಳಗಿನ ಡ್ಯೂಟಿ, ರಾತ್ರಿ ಡ್ಯೂಟಿ ಮಾಡ್ತಾನೆ. ನಾಳೆ ಬೆಳಗಿನದು ಇನ್ನೊಬ್ಬ. ಹೀಗೆ ಅದಲು ಬದಲು ಮಾಡಿಕೊಳ್ತಾ ಹೋದ್ರೆ ಆಯ್ತಲ್ಲ?"

ಅದು ನಿಜವೇ ಎಂಬುದು ಅವಳಿಗೂ ಗೊತ್ತಿತ್ತು. ಡಿಪೋದಲ್ಲಿ ಹಾಗೆ ಎಷ್ಟೋ ಸಲ ಮಾಡಿದ್ದಳು. "ಮಾಡಬಹುದು ಸರ್. ಆದ್ರೆ ಒಂದು ಡ್ಯೂಟಿನ ದಿನವೂ ಅದೇ ಡ್ರೈವರ್ ಮಾಡಬೇಕು ಅಂತ ಪ್ರಶ್ನೆಯಲ್ಲಿದೆ. ಮೂರನೇ ಸಾಲು. ನೀವೇ ಬರೆದಿರೋದು."

ಅವರು ಪರದೆಯಲ್ಲಿ ಪ್ರಶ್ನೆ ತೆಗೆದು ಮೂರನೇ ಸಾಲು ಓದಿದರು. ಆಮೇಲೆ, "ನಾನು ಕ್ಲಾಸಲ್ಲಿ ಹೇಳಿದ್ದು ಸಾಧಿಸಿದ ಪ್ರಮೇಯ. ನಿಮ್ಮ ಒಂದು ಚೀಟಿ ನೋಡಿ ಇನ್ನೂರು ಜನರ ಅಂಕ ಬದಲಾಯಿಸೋಕಾಗಲ್ಲ. ಪ್ರಮೇಯ ತಪ್ಪಿದ್ರೆ ಗಣಿತದವರಿಂದ ಬರೆಸ್ಕೊಂಡು ಬನ್ನಿ. ನೀವು ಅಲ್ಲಿಯವರೇ ತಾನೆ?" ಎಂದು ಗಡಿಯಾರ ನೋಡಿದರು.

ಹನ್ನೆರಡು ನಿಮಿಷದ ದಾರಿಯನ್ನು ಅವಳು ಎಂಟು ನಿಮಿಷದಲ್ಲಿ ನಡೆದಳು. ದಾರಿಯುದ್ದಕ್ಕೂ ತುಟಿ ಅಲುಗುತ್ತಿತ್ತು. ಎದುರಿಗೆ ಬಂದ ತೋಟದ ಕೆಲಸದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಗಣಿತದ ಪ್ರೊಫೆಸರ್ ನಿವೃತ್ತಿಗೆ ಎರಡು ವರ್ಷವಿದ್ದ ಹೆಂಗಸು. ಅವರ ಕೋಣೆಯಲ್ಲಿ ಕಂಪ್ಯೂಟರ್ ಇತ್ತು, ಆದರೆ ಅದರ ಮೇಲೆ ಉತ್ತರಪತ್ರಿಕೆಗಳನ್ನು ಒಟ್ಟಿದ್ದರು. ಸೀಮೆಸುಣ್ಣದ ಪುಡಿ ಮೊಣಕೈವರೆಗೂ. ಅವಳ ಮಾತನ್ನು ಪೂರ್ತಿ ಕೇಳಿ, ಎದ್ದು, ಕಪ್ಪುಹಲಗೆಯ ಮೇಲೆ ಮೊದಲು ಒಂದು ಉದ್ದ ಗೆರೆ ಎಳೆದರು, ಅದರ ಪಕ್ಕ ಒಂದು ವೃತ್ತ.

"ನಿಮ್ಮ ಮೇಷ್ಟ್ರ ಪ್ರಮೇಯ ಸರಿಯಾಗೇ ಇದೆ, ಗೆರೆಯ ಮೇಲೆ. ದಿನ ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿದ್ರೆ ಅದು ಗೆರೆ. ರಾತ್ರಿ ಡ್ಯೂಟಿ ಮಧ್ಯರಾತ್ರಿ ದಾಟಿದ ತಕ್ಷಣ ಎರಡು ತುದಿಯೂ ಸೇರಿ ಗೆರೆ ವೃತ್ತ ಆಗುತ್ತೆ. ವೃತ್ತದ ಮೇಲೆ ಅದು ನಡೆಯಲ್ಲ. ನಿಮ್ಮ ಮೂರು ಡ್ಯೂಟಿಯೇ ಸಾಕು ತೋರಿಸೋಕೆ. ಇದರಲ್ಲಿ ಬರೆದುಕೊಡೋದೇನಿದೆ?"

"ಬರೆದುಕೊಡಿ ಮೇಡಂ, ಪುಣ್ಯ ಬರುತ್ತೆ."

ಮೇಡಂ ನಕ್ಕರು. ಒಂದು ಹಾಳೆಯಲ್ಲಿ ಐದು ಸಾಲು ಬರೆದು ಸಹಿ ಹಾಕಿದರು. ಹಾಳೆ ಕೊಡುವ ಮುನ್ನ ಕೇಳಿದರು: "ನಿಮ್ಮ ಪ್ರೋಗ್ರಾಂ?"

"ಏನು ಮೇಡಂ?"

"ಅವರದು ತಪ್ಪು ಅಂತ ಗೊತ್ತಾಯ್ತು. ನಿಮ್ಮದು ಸರಿ ಅಂತ ಹೇಗೆ ಗೊತ್ತು?"

"ಮೂರು ಅಂತ ಸರಿಯಾಗಿ ಹೇಳ್ತಲ್ಲ."

"ಒಂದು ಪಟ್ಟಿಗೆ ಹೇಳ್ತು. ಎಲ್ಲ ಪಟ್ಟಿಗೂ ಅತಿ ಕಡಿಮೆ ಸಂಖ್ಯೆಯನ್ನೇ ಹೇಳುತ್ತೆ ಅಂತ ಸಾಧಿಸಿದ್ದೀರಾ?"

ಇನ್ನೊಬ್ಬರ ತಪ್ಪು ಹಿಡಿದ ಖುಷಿಯಲ್ಲಿ ಬಂದವಳ ಕೈಗೆ ಅವಳದೇ ಪ್ರಶ್ನೆ ಕೊಟ್ಟು ಕಳಿಸಿದ್ದರು.

ಮರುದಿನ ಶನಿವಾರ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬೆಳಗ್ಗೆಯಿಂದ ಕೂತಳು. ತನ್ನ ಕ್ರಮ ಎಲ್ಲ ಪಟ್ಟಿಗೂ ಸರಿ ಎಂಬುದರ ಸಾಧನೆಯ ಮೊದಲ ಅರ್ಧ ಸುಸೂತ್ರವಾಗಿ ಬಂತು. ಆಮೇಲೆ ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿತು: 'ಬಿಡುವಾಗಿರುವ ಮೊದಲ ಡ್ರೈವರಿಗೆ ಕೊಟ್ಟರೆ ನಷ್ಟವಿಲ್ಲ.' ಯಾಕೆ ನಷ್ಟವಿಲ್ಲ? ಬೆಳಗ್ಗೆ ಬಿಡುವಾಗಿದ್ದಾನೆ, ಸರಿ. ಆದರೆ ಅವನಿಗೆ ಅದೇ ರಾತ್ರಿ ಹತ್ತಕ್ಕೆ ಡ್ಯೂಟಿ ಇದ್ದರೆ? ಆ ವಾಕ್ಯವನ್ನು ಎಷ್ಟು ಬಗೆಯಲ್ಲಿ ಬರೆದರೂ ಅದು ಅಲ್ಲಿಂದ ಮುಂದಕ್ಕೆ ಸರಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾಕೆ ಸರಿಯುತ್ತಿಲ್ಲ ಎಂಬುದು ಗೊತ್ತಾಯಿತು. ಆ ವಾಕ್ಯವೇ ಸುಳ್ಳು.

ನಾಲ್ಕು ಡ್ಯೂಟಿ ಸಾಕಾಯಿತು. ರಾತ್ರಿ ಹತ್ತರಿಂದ ಬೆಳಗಿನ ಜಾವ ಎರಡು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದು. ಹನ್ನೆರಡರಿಂದ ಸಂಜೆ ಆರು. ಸಂಜೆ ಐದರಿಂದ ರಾತ್ರಿ ಹನ್ನೊಂದು. ಮಧ್ಯರಾತ್ರಿ ದಿನ ಶುರುವಾಗುವಾಗ ನಡೆಯುತ್ತಿರುವುದು ರಾತ್ರಿಯದೇ ಆದ್ದರಿಂದ ಅವಳ ಪ್ರೋಗ್ರಾಂ ಅದನ್ನು ಮೊದಲನೆಯವನಿಗೆ ಕೊಡುತ್ತದೆ, ಅವನು ಬಿಡುವಾಗಿದ್ದಾನೆಂದು ಬೆಳಗಿನದನ್ನೂ ಅವನಿಗೇ ಕೊಡುತ್ತದೆ, ಮಧ್ಯಾಹ್ನದ್ದು ಎರಡನೆಯವನಿಗೆ. ಸಂಜೆಯದಕ್ಕೆ ಬಂದಾಗ ಎರಡನೆಯವನು ಇನ್ನೂ ಬಸ್ಸಿನಲ್ಲಿದ್ದಾನೆ, ಮೊದಲನೆಯವನು ಹತ್ತಕ್ಕೆ ರಾತ್ರಿ ಡ್ಯೂಟಿ ಹತ್ತಬೇಕು. ಮೂರನೆಯವನನ್ನು ಕರೆಯುತ್ತದೆ. ಆದರೆ ಬೆಳಗಿನದನ್ನು ಎರಡನೆಯವನಿಗೆ ಕೊಟ್ಟು ಮಧ್ಯಾಹ್ನದ್ದನ್ನು ಮೊದಲನೆಯವನಿಗೆ ಕೊಟ್ಟಿದ್ದರೆ, ಸಂಜೆಯದು ಎರಡನೆಯವನಿಗೆ ಹೋಗಿ, ಇಬ್ಬರಲ್ಲೇ ಮುಗಿಯುತ್ತಿತ್ತು.

ಪೆನ್ನು ಎಸೆದಳು. ಅದು ಫ್ರಿಜ್ಜಿಗೆ ಬಡಿದು ಕೆಳಗೆ ಉರುಳಿತು. ಒಂಬತ್ತು ವರ್ಷ ಇದೇ ಕ್ರಮದಲ್ಲಿ ಪಟ್ಟಿ ಬರೆದಿದ್ದಳು. ಎಷ್ಟು ಜನರನ್ನು ಸುಮ್ಮಸುಮ್ಮನೆ ಡ್ಯೂಟಿಗೆ ಕರೆಸಿದ್ದಳೋ.

ಅಣ್ಣ ಬಗ್ಗಿ ಪೆನ್ನು ಎತ್ತಿಕೊಟ್ಟು, ಹಾಳೆಯ ಮೇಲೆ ಕಣ್ಣಾಡಿಸಿದ. "ರಾತ್ರಿ ಎರಡಕ್ಕೆ ಇಳಿದು ಮಧ್ಯಾಹ್ನ ಮತ್ತೆ ಹತ್ತಬೇಕಾ? ಈ ಮೊದಲನೆಯೋನಿಗೆ ಮನೆ ಮಠ ಇಲ್ವಾ?"

"ಇಲ್ಲ ಕಣೋ. ಗಣಿತದಲ್ಲಿ ಯಾರಿಗೂ ಇರಲ್ಲ."

ನಾಲ್ಕು ಡ್ಯೂಟಿಯ ಪಟ್ಟಿಯನ್ನು ಸೆಮಿಕೋಲನ್‌ಗೆ ಕಳಿಸಿದಳು. ಕೂಡಲೇ ಫೋನ್ ಬಂತು. "ಅಕ್ಕ, ನನ್ನ ತಪ್ಪು ಪ್ರೋಗ್ರಾಂ ಇದಕ್ಕೆ ಎರಡು ಅಂತ ಸರಿಯಾಗಿ ಹೇಳ್ತಿದೆ!" ಎಂದು ಹುಡುಗಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಇದನ್ನ ಸರ್‌ಗೆ ಹೇಳಬೇಡಿ. ಮೇಡಂ ಬರೆದುಕೊಟ್ಟಿದ್ದಾರಲ್ಲ, ಅದನ್ನಷ್ಟೇ ತೋರಿಸಿ. ನಿಮ್ಮ ಅಂಕ ನಿಮಗೆ ಬರುತ್ತೆ. ಹದಿನೇಳನೇ ಟೆಸ್ಟಿಗಂತೂ ನಿಮ್ಮ ಉತ್ತರವೇ ಸರಿ ತಾನೆ?" ಎಂದಳು.

ಮಾತು ಸರಿಯಾಗಿಯೇ ಇತ್ತು. ಭಾನುವಾರವಿಡೀ ಅದನ್ನೇ ಮೆಲುಕು ಹಾಕಿದಳು. ಕಾಗದಕ್ಕೆ ಉತ್ತರ ಕೊಡಲು ಉಳಿದದ್ದು ಆರು ದಿನ. ಒಂದು ವಿಷಯ ಬಿಡಬೇಕಾಗಿ ಬಂದರೆ ಯಾವುದು ಬಿಡುವುದು ಎಂದು ಯೋಚಿಸಿದರೆ ಅಳು ಬರುತ್ತಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುವುದೂ ಇಲ್ಲ. ಆದರೆ ಮೂರು ವಾರ ಅವಳು ಹಲ್ಲು ಕಡಿದದ್ದು ಯಾತಕ್ಕೆ? ಇಲ್ಲಿ ತಪ್ಪಿದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲವೆಂದೇ ಅಲ್ಲವೇ? ಸಂಜೆ ಬಟ್ಟೆ ಮಡಿಸುತ್ತ ಅತ್ತಿಗೆಗೆ ಎಲ್ಲ ಹೇಳಿದಳು.

ಅತ್ತಿಗೆ ಹೇಳಿದ್ದಿಷ್ಟೇ: "ಹೇಳದೆ ಬಂದ್ರೆ ನೀನು ಇನ್ನೊಂದು ತಿಂಗಳು ಈ ಮನೇಲಿ ಪೆನ್ನು ಎಸೀತೀಯ. ಹೇಳಿ ಬಾ."

ಈ ಸಲ ಅವಳು ಕಾರಿಡಾರಿನಲ್ಲಿ ಸರದಿ ನಿಲ್ಲಲಿಲ್ಲ. ಸೋಮವಾರ ಬೆಳಗಿನ ಕ್ಲಾಸು ಮುಗಿದು ಆಟೋ ಸರ್ ವೈರು ಸುತ್ತುತ್ತಿದ್ದಾಗಲೇ ಹೋಗಿ ಎದುರು ನಿಂತಳು. ಸೆಮಿಕೋಲನ್ ಕೂಡ ಬಂದಳು, ಬೇಡವೆಂದರೂ.

ಮೇಡಂ ಕೊಟ್ಟ ಹಾಳೆ ಮೊದಲು, ಅದರ ಪಕ್ಕ ನಾಲ್ಕು ಡ್ಯೂಟಿಯ ಹಾಳೆ. "ಇದು ನಿಮ್ಮ ಉತ್ತರ ತಪ್ಪಾಗೋ ಜಾಗ ಸರ್. ಇದು ನನ್ನ ಉತ್ತರ ತಪ್ಪಾಗೋ ಜಾಗ."

"ನಂದೂ ತಪ್ಪು ಸರ್, ಹಸಿರು ಬಂದಿರೋದು," ಎಂದಳು ಸೆಮಿಕೋಲನ್, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವಳ ದನಿಯಲ್ಲಿ.

ಸರ್ ವೈರು ಕೆಳಗಿಟ್ಟರು. ಜೇಬಿನಿಂದ ಪೆನ್ಸಿಲ್ ತೆಗೆದು ಮೊದಲ ಹಾಳೆಯ ಮೇಲೆ ಮೂರು ಡ್ಯೂಟಿಯನ್ನು ಇಬ್ಬರಿಗೆ ಹಂಚಲು ನೋಡಿದರು. ಅಳಿಸಿದರು. ಮತ್ತೆ ನೋಡಿದರು. ಎರಡನೆಯ ಹಾಳೆಗೆ ಹೋದರು. ಮುಂದಿನ ಕ್ಲಾಸಿನವರು ಒಳಗೆ ಬಂದು ಬೆಂಚುಗಳ ಮೇಲೆ ಬ್ಯಾಗು ಎಸೆಯುವ ಸದ್ದು ಶುರುವಾಯಿತು.

"ಈ ಎರಡನೆಯದನ್ನ ಯಾಕೆ ತಂದ್ರಿ?" ಎಂದು ಕೇಳಿದರು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು.

"ತಪ್ಪಿದೆ ಅಂತ ಸರ್."

"ನೋಡ್ತೀನಿ," ಎಂದು ಎರಡೂ ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡರು.

ಬುಧವಾರ ಎಲ್ಲರಿಗೂ ಒಂದು ಸಾಲಿನ ಸೂಚನೆ ಬಂತು: 'ತಾಂತ್ರಿಕ ಕಾರಣಗಳಿಂದ ಟೆಸ್ಟ್ ೧೭ ಅನ್ನು ಕೈಬಿಡಲಾಗಿದೆ. ಅಂಕಗಳನ್ನು ಮರುಲೆಕ್ಕ ಹಾಕಲಾಗಿದೆ.'

ಅಷ್ಟೇ. ಅವಳ ಪರದೆಯಲ್ಲಿ ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಹಸಿರು. ನಲವತ್ತಾರು ಐವತ್ತೆಂಟಾಯಿತು. ಎರಡೂ ವಿಷಯ ಉಳಿದವು. ಕುಣಿಯಬೇಕಿತ್ತು, ಬದಲಿಗೆ ಮೈಯೆಲ್ಲ ಉರಿಯಿತು. ತಾಂತ್ರಿಕ ಕಾರಣವಂತೆ! ಉತ್ತರ ತಪ್ಪಾಗಿತ್ತು ಎಂದು ಎರಡು ಪದ ಬರೆಯಲು ಕೈ ನೋಯುತ್ತಿತ್ತೇ? ಸೆಮಿಕೋಲನ್‌ಳ ಎಂಟು ಸಾಲಿಗೂ ಪೂರ್ತಿ ಅಂಕ, ತನ್ನ ತೊಂಬತ್ತು ಸಾಲಿಗೂ ಪೂರ್ತಿ ಅಂಕ, ಎರಡೂ ತಪ್ಪು.

ಆಟೋ ಸರ್ ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿಯೇಬಿಟ್ಟಳು. "ಸರ್, ನನ್ನ ಪ್ರೋಗ್ರಾಂ ಇನ್ನೂ ತಪ್ಪೇ ಇದೆ."

"ಪಾಸಾಯ್ತಲ್ಲಮ್ಮ, ಬಿಡಿ," ಎಂದು ಎರಡು ಮೆಟ್ಟಿಲು ಇಳಿದವರು ನಿಂತು ಹಿಂದಿರುಗಿ ನೋಡಿದರು. "ಆರು ವರ್ಷದಿಂದ ಅದೇ ಪ್ರಶ್ನೆ ಕೊಡ್ತಿದ್ದೆ. ವರ್ಷಕ್ಕೆ ಹತ್ತು ಹನ್ನೆರಡು ಜನಕ್ಕೆ ಹದಿನೇಳು ಕೆಂಪು ಬರ್ತಿತ್ತು. ಅವರದೇ ತಪ್ಪು ಅಂದ್ಕೊಂಡಿದ್ದೆ." ಇನ್ನೇನೋ ಹೇಳಲು ಬಾಯಿ ತೆರೆದವರು, ಫೋನ್ ಬಡಿದುಕೊಂಡಿತೆಂದು ಕಿವಿಗಿಟ್ಟುಕೊಂಡು ಹೋದರು. ಹಿಂದಿನ ವರ್ಷಗಳ ಆ ಹತ್ತು ಹನ್ನೆರಡು ಜನ ಏನಾದರೋ ಎಂದು ಅವಳು ಅಲ್ಲೇ ನಿಂತು ಯೋಚಿಸಿದಳು. ಅವರಿಗೆ ಯಾರೂ ಸೂಚನೆ ಕಳಿಸಿರಲಾರರು.

ಮೇಡಂ ಕೋಣೆಗೆ ಹೋದರೆ ಅವರು ಲೈಬ್ರರಿಯ ಒಂದು ದಪ್ಪ ಪುಸ್ತಕ ತೆರೆದು ಕಾಯುತ್ತಿದ್ದರು. "ಬನ್ನಿ, ಬನ್ನಿ. ನಿಮ್ಮ ವೃತ್ತದ ಪ್ರಶ್ನೆ ತುಂಬ ಹಳೇದಂತೆ. ಎಲ್ಲ ಪಟ್ಟಿಗೂ ಬೇಗ ಸರಿಯುತ್ತರ ಕೊಡೋ ದಾರಿ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತಲೇ ಬಹಳ ಜನರ ಊಹೆ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಅಂದ್ರೆ, ಯಾರಿಗೂ ಆಗದೇ ಇರೋದನ್ನ ಮೂರು ವಾರದ ಹೋಂವರ್ಕ್ ಅಂತ ಕೊಟ್ಟಿದ್ರಾ?"

"ಹಾಗೇ ಆಯ್ತು."

"ಮೊದಲೇ ಹೇಳಬಾರದಿತ್ತಾ ಮೇಡಂ?"

"ನನಗೆ ಗೊತ್ತಾಗಿದ್ದೇ ನಿನ್ನೆ," ಎಂದರು ಅವರು, ಸ್ವಲ್ಪವೂ ನಾಚಿಕೆಯಿಲ್ಲದೆ. "ನೀವು ಬಂದು ಹೋದ ಮೇಲೆ ನನಗೂ ಬಿಡಿಸೋಕಾಗಲಿಲ್ಲ. ಎರಡು ದಿನ ಒದ್ದಾಡಿ, ಆಮೇಲೆ ಪುಸ್ತಕ ಹುಡುಕಿದೆ. ನನಗೂ ಸಿಟ್ಟು ಬಂತು, ನಿಜ ಹೇಳ್ತೀನಿ."

ಆ ಮಾತಿಗೆ ಅವಳು ಕುರ್ಚಿ ಎಳೆದುಕೊಂಡು ಕೂತಳು. ಅರ್ಧ ಗಂಟೆ ಇಬ್ಬರೂ ಪುಸ್ತಕದ ಎರಡು ಪುಟ ಓದಿದರು. ಅವಳಿಗೆ ಅರ್ಥವಾದದ್ದು ಮುಕ್ಕಾಲು ಪುಟ.

ಗುರುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೂತು, ಯಾರೂ ಕೇಳದ ಒಂದು ಪ್ರೋಗ್ರಾಂ ಬರೆದಳು. ಇದರಲ್ಲಿ ಜಾಣತನವೇನೂ ಇರಲಿಲ್ಲ. ಎಲ್ಲವನ್ನೂ ಒಬ್ಬನಿಗೇ ಕೊಟ್ಟು ನೋಡು, ಆಗದಿದ್ದರೆ ಇಬ್ಬರಿಗೆ ಹಂಚುವ ಎಲ್ಲ ಬಗೆಯನ್ನೂ ನೋಡು, ಆಗದಿದ್ದರೆ ಮೂವರಿಗೆ ಹಂಚುವ ಎಲ್ಲ ಬಗೆ, ಆಮೇಲೆ ನಾಲ್ವರಿಗೆ. ಇದರ ಸಾಧನೆ ಎರಡೇ ಸಾಲು. ಈ ಸಲ ಯಾವ ವಾಕ್ಯವೂ ಸಿಕ್ಕಿಕೊಳ್ಳಲಿಲ್ಲ. ಮೂರು ಡ್ಯೂಟಿಯ ಪಟ್ಟಿಗೆ ಮೂರು ಎಂದಿತು. ನಾಲ್ಕರ ಪಟ್ಟಿಗೆ ಎರಡು ಎಂದಿತು. ಎರಡೂ ಸರಿ.

ಆಮೇಲೆ ನಲವತ್ತು ಡ್ಯೂಟಿಯ ಪಟ್ಟಿ ಕೊಟ್ಟಳು. ಪರದೆ ಸುಮ್ಮನಾಯಿತು. ಐದು ನಿಮಿಷ, ಹತ್ತು ನಿಮಿಷ. ಸೆಮಿಕೋಲನ್ ಬಗ್ಗಿ ನೋಡಿ, "ನಿಂತುಹೋಯ್ತಾ ಅಕ್ಕ?" ಎಂದಳು.

"ಇಲ್ಲ, ಓಡ್ತಾ ಇದೆ. ಯಾವಾಗ ಮುಗಿಯುತ್ತೋ ಗೊತ್ತಿಲ್ಲ."

"ಯಂತ್ರಕ್ಕೆ ಕೊಟ್ರೆ ಐದು ಸೆಕೆಂಡ್ ಮೀರಿದ್ದಕ್ಕೇ ಸೊನ್ನೆ ಹಾಕುತ್ತೆ."

"ಹಾಕ್ಲಿ ಬಿಡು," ಎಂದಳು ಅವಳು. ಪರದೆಯ ಮೇಲೆ 'ಆರಿಸಬೇಡಿ' ಎಂದು ಚೀಟಿ ಅಂಟಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಇನ್ನೊಂದು ತುದಿಯ ಗಣಿತದ ಕ್ಲಾಸಿಗೆ ಓಡಿದಳು. ಆಗಲೇ ಐದು ನಿಮಿಷ ತಡವಾಗಿತ್ತು.